ಬೀದಿಯಲ್ಲಿ ಮಲಗಿದ ಸಿಪಾಯಿ ಮತ್ತು ನಗರದ ಹೊಣೆ

(ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ದೇಶಕ್ಕಾಗಿ ಬಂದೂಕು ಹೊತ್ತವನು ಕೊನೆಗೆ ಅಂಗಡಿಯ ಜಗಲಿಯ ಮೇಲೆ ಗೋಣಿಚೀಲ ಹಾಸಿ ಮಲಗಬೇಕಾಗಿ ಬಂದರೆ ತಪ್ಪು ಯಾರದು? “ಅವನದೇ; ಕುಡುಕ, ಸೋಮಾರಿ” ಎನ್ನುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಈ ಮಾತು ಸುಳ್ಳೆಂಬುದನ್ನು ನಾವು ಇಂದು ಅಮೆರಿಕದ ಲೆಕ್ಕದಿಂದಲೇ ನಿಮ್ಮ ಮುಂದೆ ಇಡುತ್ತೇವೆ. ಆ ದೇಶ ಬಂಡವಾಳದ ತವರುಮನೆ. ಅಂಥಲ್ಲಿಯೂ ಕೆಲವು ನಗರಗಳು ಮನಸ್ಸು ಮಾಡಿ ಈ ಕೆಲಸವನ್ನು ಮಾಡಿ ತೋರಿಸಿವೆ.

ಮೊದಲು ಹಳೆಯ ಕಥೆ. ಒಂದನೆಯ ಮಹಾಯುದ್ಧದಲ್ಲಿ ಹೋರಾಡಿದವರಿಗೆ ಬೋನಸ್ ಕೊಡುವ ಕಾನೂನು ಅಲ್ಲಿ 1924ರಲ್ಲಿ ಬಂತು. ಆದರೆ ಪೂರ್ತಿ ಹಣ ಕೈಗೆ ಸಿಗುವುದು 1945ರಲ್ಲಿ! ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂದು ಕಾರ್ಖಾನೆಗಳು ಮುಚ್ಚಿದವು. 1932ರಲ್ಲಿ ಕೆಲಸವಿಲ್ಲದ ಸಾವಿರಾರು ಮಾಜಿ ಸೈನಿಕರು ಹೆಂಡಿರು ಮಕ್ಕಳೊಡನೆ ರಾಜಧಾನಿ ವಾಷಿಂಗ್ಟನ್ನಿಗೆ ಬಂದರು. ತಗಡು ರಟ್ಟುಗಳ ಗುಡಿಸಲು ಹಾಕಿಕೊಂಡು, “ನಮ್ಮ ಹಣ ನಮಗೆ ಈಗಲೇ ಕೊಡಿ” ಎಂದು ಕುಳಿತರು. ಸಿಕ್ಕಿದ್ದೇನು? ಜುಲೈ 28ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಜನರಲ್ ಮ್ಯಾಕ್‌ಆರ್ಥರ್ ಕುದುರೆಪಡೆ, ಟ್ಯಾಂಕುಗಳೊಡನೆ ಬಂದು ಉಳಿದವರನ್ನು ಓಡಿಸಿದ. ಗುಡಿಸಲುಗಳು ಬೂದಿಯಾದವು. ಆ ಬೋನಸ್ ಕೊಡಲು ಸರಕಾರ ಒಪ್ಪಿದ್ದು 1936ರಲ್ಲಿ.

ಇನ್ನು ನಮ್ಮ ಕಾಲಕ್ಕೆ ಬರೋಣ. 2010ರ ಜನವರಿಯ ಒಂದು ರಾತ್ರಿ ಆ ದೇಶದಲ್ಲಿ ಎಣಿಕೆ ನಡೆದಾಗ 74,000ಕ್ಕೂ ಹೆಚ್ಚು ಮಾಜಿ ಸೈನಿಕರಿಗೆ ಮನೆಯಿರಲಿಲ್ಲ. ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನಗಳಲ್ಲಿ ಹೋರಾಡಿ ಬಂದವರೂ ಅವರಲ್ಲಿದ್ದರು. 2014ರಲ್ಲಿ ನಗರಗಳ ಮೇಯರುಗಳಿಗೆ ಒಂದು ಕರೆ ಹೋಯಿತು: ನಿಮ್ಮ ನಗರದಲ್ಲಿ ಇದನ್ನು ಕೊನೆಗಾಣಿಸುತ್ತೇವೆಂದು ಜನರೆದುರು ಮಾತು ಕೊಡಿ. ನ್ಯೂ ಆರ್ಲಿಯನ್ಸ್ ನಗರದ ಮೇಯರ್ ಮಿಚ್ ಲಾಂಡ್ರೂ ಮಾತು ಕೊಟ್ಟರು. ಆ ವರ್ಷ ಅಲ್ಲಿ 227 ಮಾಜಿ ಸೈನಿಕರಿಗೆ ಮನೆ ಸಿಕ್ಕಿತು. 2015ರ ಜನವರಿಯಲ್ಲಿ ಕೆಲಸ ಮುಗಿಯಿತೆಂದು ಅವರು ಸಾರಿದರು. ಅದೇ ವರ್ಷ ದೊಡ್ಡ ನಗರವಾದ ಹ್ಯೂಸ್ಟನ್ನಿನ ಮೇಯರ್ ಆನಿಸ್ ಪಾರ್ಕರ್ ಸಹ ಹಾಗೆಯೇ ಸಾರಿದರು. ಇನ್ನು ಮುಂದೆ ಯಾವ ಸೈನಿಕನೂ ಬೀದಿಗೆ ಬೀಳುವುದೇ ಇಲ್ಲವೆಂದು ಇದರ ಅರ್ಥವಲ್ಲ. ಬಿದ್ದವನನ್ನು ಬೇಗ ಗುರುತಿಸಿ ಮನೆ ಸೇರಿಸುವ ಏರ್ಪಾಡು ನಿಂತಿದೆ ಎಂದರ್ಥ.

ಅವರು ಮಾಡಿದ್ದು ಮೂರು ಕೆಲಸ.

ಒಂದು, ಹೆಸರು ಬರೆದರು. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆವು. “ನಲವತ್ತು ಮಕ್ಕಳಲ್ಲಿ ಮೂವರು ಬಂದಿಲ್ಲ” ಎಂದರೆ ಏನೂ ತಿಳಿಯದು. ಯಾವ ಮಗು ಬಂದಿಲ್ಲವೆಂದು ತಿಳಿದರೆ ಮಾತ್ರ ಅದರ ಮನೆಗೆ ಹೋಗಬಹುದು. ನಿಮ್ಮ ಗಿರಣಿಯ ಮಸ್ಟರು, ಅಂಗಡಿಯ ಉದ್ರಿ ಪುಸ್ತಕ ಸಹ ಹೆಸರಿನ ಮೇಲೆಯೇ ನಡೆಯುವುದಲ್ಲವೆ? ನ್ಯೂ ಆರ್ಲಿಯನ್ಸಿನಲ್ಲಿ ಸೇವೆಯಲ್ಲಿದ್ದ ಸೈನಿಕರೂ ನಿವೃತ್ತರೂ ತಾವೇ ಬೀದಿಗಿಳಿದು ತಮ್ಮವರನ್ನು ಹುಡುಕಿದರು. ಸಿಪಾಯಿಯ ಮಾತನ್ನು ಸಿಪಾಯಿ ಕೇಳುತ್ತಾನೆ.

ಎರಡು, ಮೊದಲು ಮನೆ ಕೊಟ್ಟರು. ಕುಡಿತ ಬಿಡು, ಕೆಲಸ ಹುಡುಕು, ಆಮೇಲೆ ಮನೆ ಎನ್ನುವುದು ಹಳೆಯ ಕ್ರಮ. ಬೀಗ ಹಾಕಲು ಬಾಗಿಲೇ ಇಲ್ಲದವನು ಔಷಧವನ್ನು ಎಲ್ಲಿಡಬೇಕು, ಕೆಲಸಕ್ಕೆ ಯಾವ ವಿಳಾಸ ಕೊಡಬೇಕು? ಆದ್ದರಿಂದ ಮೊದಲು ಮನೆ, ಆಮೇಲೆ ಮದ್ದು, ಕೆಲಸ. ಬಾಡಿಗೆಗೆ ಅವನು ತನ್ನ ಆದಾಯದ ಸುಮಾರು ಶೇಕಡಾ 30ರಷ್ಟು ಕೊಡುತ್ತಾನೆ. ಉಳಿದದ್ದನ್ನು ಒಂದು ಮಿತಿಯೊಳಗೆ ಸರಕಾರ ತುಂಬುತ್ತದೆ. ಅವನ ಆರೋಗ್ಯ, ಕಾಗದಪತ್ರಗಳನ್ನು ನೋಡಿಕೊಳ್ಳಲು ಒಬ್ಬ ಕಾರ್ಯಕರ್ತ ಇರುತ್ತಾನೆ.

ಮೂರು, ಹೊಣೆ ಹೊತ್ತರು. ಒಂದು ಕಚೇರಿಯಲ್ಲಿ ಬಾಡಿಗೆಯ ಚೀಟಿ, ಇನ್ನೊಂದರಲ್ಲಿ ಆಸ್ಪತ್ರೆ, ಮತ್ತೊಂದರಲ್ಲಿ ಪಿಂಚಣಿ. ಬಡವನು ಇವುಗಳ ನಡುವೆ ಅಲೆದು ಸಾಯುತ್ತಾನೆ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು, ಮನೆ ಮಾಲೀಕರನ್ನು ಕರೆದು ಒಪ್ಪಿಸುವುದು, ತಪ್ಪಿದರೆ “ಉತ್ತರ ಹೇಳಬೇಕಾದವನು ನಾನು” ಎನ್ನುವುದು ನಗರದ ಮುಖ್ಯಸ್ಥನ ಕೆಲಸ. ಹಣ ಬಹುಪಾಲು ಒಕ್ಕೂಟ ಸರಕಾರದ್ದು, ನಿಜ. ಆದರೆ ಹಣ ಬಂದು ಕಡತದಲ್ಲಿ ಕೊಳೆಯುವುದನ್ನು ನಾವು ಕಂಡಿಲ್ಲವೆ?

ಈಗ ಮುಖ್ಯ ಮಾತು. 2024ರ ಎಣಿಕೆಯಲ್ಲಿ ಮನೆಯಿಲ್ಲದ ಮಾಜಿ ಸೈನಿಕರ ಸಂಖ್ಯೆ 32,882ಕ್ಕೆ ಇಳಿದಿತ್ತು; 2010ರ ಅರ್ಧಕ್ಕಿಂತಲೂ ಕಡಿಮೆ. ಅದೇ ರಾತ್ರಿ ದೇಶದಲ್ಲಿ ಒಟ್ಟು ಮನೆಯಿಲ್ಲದವರು 7,71,480. ಹಿಂದಿನ ಯಾವ ಎಣಿಕೆಯಲ್ಲಿಯೂ ಅಷ್ಟು ಜನ ಕಂಡಿರಲಿಲ್ಲ. ದೇಶ ಒಂದೇ, ಚಳಿ ಒಂದೇ, ಬಾಡಿಗೆ ಒಂದೇ. ಸೈನಿಕನಿಗಾಗಿ ಹಣ, ಪಟ್ಟಿ, ಹೊಣೆಗಾರಿಕೆ ಇಟ್ಟರು, ಸಂಖ್ಯೆ ಇಳಿಯಿತು. ಉಳಿದವರನ್ನು ಬಹುಮಟ್ಟಿಗೆ ಮನೆ ಮಾಲೀಕರ ಮಾರುಕಟ್ಟೆಗೆ ಬಿಟ್ಟರು, ಸಂಖ್ಯೆ ಏರಿತು. ಹಾಗಾದರೆ ಬೀದಿಯ ಬಾಳು ಹಣೆಬರಹವಲ್ಲ, ಆಳುವವರ ತೀರ್ಮಾನ!

ತೀರ್ಮಾನ ತಿರುಗಲೂಬಹುದು. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ “ಮೊದಲು ಮನೆ” ಎಂಬ ನೀತಿಗೆ ಒಕ್ಕೂಟದ ಬೆಂಬಲ ನಿಲ್ಲಿಸುವಂತೆ ಆಜ್ಞೆ ಹೊರಡಿಸಿದರು. ಗಳಿಸಿದ್ದನ್ನು ಕಾಯಲು ಜನರೇ ಎಚ್ಚರವಾಗಿರಬೇಕು.

ಇದು ದೂರದ ದೇಶದ ಕಥೆಯೆಂದು ಎದ್ದು ಹೋಗಬೇಡಿ. ಇಂದು ರಾತ್ರಿ ಪಾಳಿ ಮುಗಿಸಿ ಹೋಗುವಾಗ ಬಸ್ ನಿಲ್ದಾಣದ ಕಡೆ ಒಮ್ಮೆ ನೋಡಿ. ನಾಳೆ ನಿಮ್ಮ ವಾರ್ಡಿನ ಸದಸ್ಯರನ್ನು ಒಂದೇ ಪ್ರಶ್ನೆ ಕೇಳಿ: “ಸ್ವಾಮಿ, ನಮ್ಮ ಊರಿನಲ್ಲಿ ಬಯಲಲ್ಲಿ ಮಲಗುವವರ ಹೆಸರಿನ ಪಟ್ಟಿ ನಿಮ್ಮಲ್ಲಿದೆಯೆ?” ಇಲ್ಲವೆಂದರೆ ಮುಂದಿನ ಭಾನುವಾರ ರಾತ್ರಿ ನಾವೂ ನೀವೂ ಕಂದೀಲು ಹಿಡಿದು ಹೊರಡೋಣ, ಹೆಸರು ಬರೆಯೋಣ. ಆ ಪಟ್ಟಿಯನ್ನು ಪುರಸಭೆಯ ಮೇಜಿನ ಮೇಲೆ ಇಡೋಣ. ಹೋರಾಟ ಅಲ್ಲಿಂದ ಆರಂಭವಾಗಲಿ.