ಯಾರ ಹೆಸರಿನ ಲೆಕ್ಕ?



ಸಕಲೇಶಪುರ, ಆಲೂರು ಕಡೆಯ ಮನೆಗಳಿಂದ ಬಂದವರಿಗೆ ಉದ್ರಿ ಲೆಕ್ಕ ಹೊಸದೇನೂ ಅಲ್ಲ. ಹೆತ್ತೂರು, ಯಸಳೂರು, ಹಾನುಬಾಳು, ಕೆ. ಹೊಸಕೋಟೆಯ ಗುಡ್ಡಗಳಲ್ಲಿ ಕಾಫಿಯ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿಯವರೆಗೆ ಕಣಕ್ಕೆ ಬರುತ್ತದೆ. ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು ಶುರುವಾಗಿ ಮಾರ್ಚಿಯವರೆಗೆ ನಡೆಯುತ್ತದೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇದ್ದದ್ದೇ: ಗೊಬ್ಬರ, ಕಳೆ, ಮರಗಸಿ, ಕೂಲಿ, ಮಕ್ಕಳ ಫೀಸು. ಆದ್ದರಿಂದಲೇ ಪೇಟೆಯ ಅಂಗಡಿಯಲ್ಲಿ ಮನೆಗೊಂದು ಲೆಕ್ಕದ ಪುಸ್ತಕ ಇರುತ್ತಿತ್ತು. ಕೆಲವು ಕಡೆ ಈಗಲೂ ಇದೆ.

ಆ ಪುಸ್ತಕವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಶಾಲೆಯಿಂದ ಬರುವ ಹುಡುಗ ಅಂಗಡಿಗೆ ಹೋಗಿ, “ಅಪ್ಪನ ಲೆಕ್ಕಕ್ಕೆ ಬರ್ಕೊಳ್ಳಿ” ಎಂದು ಒಂದು ಜೊತೆ ಬೂಟು ತರುತ್ತಾನೆ. ಬೂಟು ಹಾಕಿಕೊಂಡವನು ಮಗ, ಆದರೆ ಪುಸ್ತಕದಲ್ಲಿ ಇರುವ ಹೆಸರು ಅಪ್ಪನದು. ಬಾಕಿ ಉಳಿದರೆ ಅಂಗಡಿಯವರು ಕೇಳುವುದೂ ಅಪ್ಪನನ್ನೇ. “ಅವರು ಮಾತಿಗೆ ತಪ್ಪುವವರಲ್ಲ” ಎಂಬ ಹೆಸರು ಉಳಿಯುವುದೂ ಹೋಗುವುದೂ ಅಪ್ಪನದೇ. ಈ ಚಿಕ್ಕ ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ನಮ್ಮ ವಿಷಯ ಅರ್ಧ ಅರ್ಥವಾದಂತೆ. ಒಂದೇ ಕ್ರೆಡಿಟ್ ಕಾರ್ಡಿನ ಖಾತೆಯನ್ನು ಇಬ್ಬರು ಬಳಸಿದಾಗ ಯಾರ ಸಾಲದ ಅಂಕ ಏರುತ್ತದೆ, ಯಾರದು ಇಳಿಯುತ್ತದೆ ಎಂಬುದೇ ಆ ವಿಷಯ.

ಸಾಲದ ಅಂಕ ಎಂದರೇನು? ಊರಿನ ಅಂಗಡಿಯವರಿಗೆ ನಿಮ್ಮ ಮನೆಯವರ ಗುಣ ಗೊತ್ತು. ದೂರದ ಬ್ಯಾಂಕಿಗೆ ಗೊತ್ತಿಲ್ಲ. ಆ ಕೊರತೆಯನ್ನು ತುಂಬಲು ಸಾಲ ಮಾಹಿತಿ ಕಂಪನಿಗಳು ಹುಟ್ಟಿಕೊಂಡವು. ನಮ್ಮ ದೇಶದಲ್ಲಿ ಮೊದಲು ಬಂದದ್ದು 2000ದಲ್ಲಿ ಸ್ಥಾಪನೆಯಾದ ಸಿಬಿಲ್. ಜನ ಇಂದಿಗೂ ಸಾಲದ ಅಂಕಕ್ಕೆ ‘ಸಿಬಿಲ್ ಸ್ಕೋರ್’ ಎನ್ನುವುದು ಇದರಿಂದಲೇ. 2005ರಲ್ಲಿ ಸಂಸತ್ತು ಈ ಕಂಪನಿಗಳಿಗಾಗಿಯೇ ಒಂದು ಕಾಯಿದೆ ಮಾಡಿತು. ಸಿಬಿಲ್ ಜೊತೆಗೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ಕಂಪನಿಗಳೂ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ಕೆಲಸ ಮಾಡುತ್ತಿವೆ. ಬ್ಯಾಂಕುಗಳು ಪ್ರತಿ ಸಾಲದ, ಪ್ರತಿ ಕಾರ್ಡಿನ ಲೆಕ್ಕವನ್ನು ಇವಕ್ಕೆ ಕಳುಹಿಸುತ್ತವೆ. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ಮಾಹಿತಿ 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಹೋಗಬೇಕೆಂಬ ನಿಯಮ ಬಂತು.

ಸಿಬಿಲ್ ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. 900ರ ಸಮೀಪಕ್ಕೆ ಹೋದಷ್ಟೂ ಒಳ್ಳೆಯದು. ಈ ಅಂಕ ನಿಂತಿರುವುದು ಮುಖ್ಯವಾಗಿ ಕೆಲವು ಪ್ರಶ್ನೆಗಳ ಮೇಲೆ. ಕಂತು, ಬಿಲ್ಲು ಗಡುವಿನೊಳಗೆ ಸಂದಾಯವಾಗಿದೆಯೇ? ಕಾರ್ಡಿನ ಮಿತಿಯಲ್ಲಿ ಎಷ್ಟು ಪಾಲು ಬಳಕೆಯಾಗಿದೆ? ಸಾಲದ ಚರಿತ್ರೆ ಎಷ್ಟು ವರ್ಷದ್ದು? ಇತ್ತೀಚೆಗೆ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಲಾಗಿದೆ? ಆಸ್ತಿ ಎಷ್ಟು ಎಕರೆ, ಬ್ಯಾಂಕಿನಲ್ಲಿ ಠೇವಣಿ ಎಷ್ಟು ಎಂಬುದಕ್ಕೆ ಇಲ್ಲಿ ಅಂಕವಿಲ್ಲ ಎಂಬುದನ್ನು ಗಮನಿಸಿ. ನೂರು ಎಕರೆ ತೋಟದ ಧಣಿಯ ಅಂಕ ಕಡಿಮೆಯಿರಬಹುದು, ಅವರ ತೋಟದ ರೈಟರ ಅಂಕ ಹೆಚ್ಚಿರಬಹುದು.

ಈಗ ಹಂಚಿಕೊಂಡ ಕಾರ್ಡಿಗೆ ಬರೋಣ. ತಂದೆಯ ಕ್ರೆಡಿಟ್ ಕಾರ್ಡಿನ ಖಾತೆಯ ಮೇಲೆಯೇ ಮಗನಿಗೋ ಮಗಳಿಗೋ ಇನ್ನೊಂದು ಕಾರ್ಡು ಪಡೆಯಬಹುದು. ಇದಕ್ಕೆ ಆಡ್-ಆನ್ ಕಾರ್ಡ್ ಎನ್ನುತ್ತಾರೆ. ಕಾರ್ಡು ಎರಡು, ಖಾತೆ ಒಂದೇ. ಮಿತಿ ಒಂದೇ, ಬಿಲ್ಲೂ ಒಂದೇ. ಇಂಥ ಕಾರ್ಡಿನ ಹೊಣೆ ಪೂರ್ತಿಯಾಗಿ ಪ್ರಧಾನ ಕಾರ್ಡುದಾರರದೇ ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಅಂಗಡಿಯ ಪುಸ್ತಕದ ನಿಯಮವೇ ಇಲ್ಲಿಯೂ ಇದೆ.

ಒಂದು ಲೆಕ್ಕ ಮಾಡಿ ನೋಡೋಣ. ಆಲೂರಿನ ಹತ್ತಿರ ನಾಲ್ಕು ಎಕರೆ ಕಾಫಿ ಇರುವ ರೈತರೊಬ್ಬರ ಕಾರ್ಡಿನ ಮಿತಿ 1,00,000 ರೂಪಾಯಿ ಎಂದಿಟ್ಟುಕೊಳ್ಳಿ. ಅವರು ತಿಂಗಳಿಗೆ 20,000 ಬಳಸಿ ಪೂರ್ತಿ ಕಟ್ಟುತ್ತಿದ್ದಾರೆ. ಬಳಕೆ ಶೇಕಡ 20. ಮಿತಿಯ ಶೇಕಡ 30ರೊಳಗೆ ಇದ್ದರೆ ಒಳ್ಳೆಯದೆಂಬುದು ಸಾಮಾನ್ಯ ಸಲಹೆ. ಹಾಸನದಲ್ಲಿ ಓದುತ್ತಿರುವ ಮಗ ಜುಲೈ ತಿಂಗಳಲ್ಲಿ ಆಡ್-ಆನ್ ಕಾರ್ಡಿನಿಂದ 60,000ದ ಲ್ಯಾಪ್‌ಟಾಪ್ ಕೊಳ್ಳುತ್ತಾನೆ. ಬಳಕೆ ಒಮ್ಮೆಲೇ ಶೇಕಡ 80ಕ್ಕೆ ಏರಿತು. ಇಷ್ಟರಿಂದಲೇ ತಂದೆಯ ಅಂಕ ಸ್ವಲ್ಪ ಇಳಿಯಬಹುದು. ಹಣ ಕಟ್ಟಿಬಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುತ್ತದೆ.

ಆದರೆ ಜುಲೈಯಲ್ಲಿ ಹಣವೆಲ್ಲಿ? ಗಿಡದಲ್ಲಿ ಕಾಯಿ ಇನ್ನೂ ಹಸಿರು. ಹೊರಗೆ ಜಡಿಮಳೆ. ಮಲೆನಾಡಿನ ತೊಡಕು ಇರುವುದೇ ಇಲ್ಲಿ. ಪೇಟೆಯ ಅಂಗಡಿಯವರು ಕೊಯ್ಲಿನವರೆಗೆ ಕಾಯುತ್ತಿದ್ದರು. ಕಾರ್ಡಿಗೆ ಹೂಮಳೆಯೂ ಗೊತ್ತಿಲ್ಲ, ಕೊಯ್ಲೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತಿಂಗಳ ಗಡುವೊಂದೇ.

‘ಕನಿಷ್ಠ ಮೊತ್ತ ಕಟ್ಟಿದರೆ ಸಾಕು’ ಎಂದು ಬಿಲ್ಲಿನಲ್ಲಿ ಇರುತ್ತದಲ್ಲ ಎಂದು ನೀವು ಕೇಳಬಹುದು. ಅದು ಶೇಕಡ 5, ಬಡ್ಡಿ ತಿಂಗಳಿಗೆ ಶೇಕಡ 3.5 ಎಂದಿಟ್ಟುಕೊಳ್ಳಿ. 80,000ಕ್ಕೆ ಕನಿಷ್ಠ ಮೊತ್ತ 4,000. ಅದರಲ್ಲಿ ತಿಂಗಳ ಬಡ್ಡಿಗೆ 2,800, ಬಡ್ಡಿಯ ಮೇಲಿನ ಶೇಕಡ 18 ಜಿಎಸ್‌ಟಿಗೆ 504 ಹೋಯಿತು. ಅಸಲಿಗೆ ಸಂದದ್ದು ಬರೀ 696 ರೂಪಾಯಿ. ಕನಿಷ್ಠ ಮೊತ್ತ ಕಟ್ಟಿದರೆ ಬಾಕಿದಾರರೆಂಬ ಹೆಸರು ತಪ್ಪುತ್ತದೆ, ನಿಜ. ಆದರೆ ಸಾಲ ಕರಗುವುದಿಲ್ಲ. ಅದನ್ನೂ ಕಟ್ಟದೆ, ಗಡುವು ಕಳೆದು ಮೂರು ದಿನಕ್ಕಿಂತ ಹೆಚ್ಚಾದರೆ, ಬ್ಯಾಂಕು ಆ ಖಾತೆಯನ್ನು ‘ಬಾಕಿ’ ಎಂದು ವರದಿ ಮಾಡಬಹುದು. ಆ ಗುರುತು ಬೀಳುವುದು ತಂದೆಯ ಹೆಸರಿನ ಮುಂದೆ. ಮುಂದೆ ಅವರು ಬೆಳೆ ಸಾಲಕ್ಕೋ ಟ್ರ್ಯಾಕ್ಟರಿಗೋ ಬ್ಯಾಂಕಿಗೆ ಹೋದಾಗ ಅಧಿಕಾರಿಯ ಮೇಜಿನ ಮೇಲೆ ಕಾಣುವುದು ಆ ಗುರುತೇ. ಅದು ಮಗನ ಲ್ಯಾಪ್‌ಟಾಪಿನದು ಎಂದು ಅಲ್ಲಿ ಬರೆದಿರುವುದಿಲ್ಲ.

ಹಾಗಾದರೆ ಮಗನ ಅಂಕಕ್ಕೆ ಏನಾಗುತ್ತದೆ? ನಮ್ಮಲ್ಲಿ ಸಾಮಾನ್ಯವಾಗಿ ಆ ಖಾತೆ ಪ್ರಧಾನ ಕಾರ್ಡುದಾರರ ಚರಿತ್ರೆಯಾಗಿಯೇ ದಾಖಲಾಗುತ್ತದೆ. ವರದಿಯಲ್ಲಿ ಆಡ್-ಆನ್ ಬಳಕೆದಾರರನ್ನು ಗುರುತಿಸುವ ಏರ್ಪಾಡೇನೋ ಇದೆ. ಆದರೆ ಅದನ್ನು ನಂಬಿ ‘ಅಪ್ಪನ ಕಾರ್ಡಿನಿಂದ ನನ್ನ ಅಂಕ ಬೆಳೆಯುತ್ತಿದೆ’ ಎಂದುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಗಂಡನ ಹೆಸರಿನ ಖಾತೆಯನ್ನು ಬಳಸುತ್ತಿದ್ದ ಹೆಂಗಸರು ವಿಧವೆಯರಾದಾಗ, ವಿಚ್ಛೇದನವಾದಾಗ, ತಮ್ಮದೆಂಬ ಸಾಲದ ಚರಿತ್ರೆಯೇ ಇಲ್ಲದೆ ಕಷ್ಟಪಡುತ್ತಿದ್ದರು. 1974ರ ಸಮಾನ ಸಾಲಾವಕಾಶ ಕಾಯಿದೆ, ಅದರ ಕೆಳಗೆ ಬಂದ ನಿಯಮಗಳು, ದಂಪತಿ ಇಬ್ಬರೂ ಬಳಸುವ ಖಾತೆಯನ್ನು ಇಬ್ಬರ ಹೆಸರಿನಲ್ಲೂ ವರದಿ ಮಾಡುವಂತೆ ಮಾಡಿದವು. ಆದ್ದರಿಂದ ಅಲ್ಲಿರುವ ಬಂಧುಗಳು ಹೇಳುವ ಸಲಹೆ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ.

ಮಿತ್ರರೇ, ನಿಮಗೆ ಇನ್ನೂ ಹತ್ತಿರದ ಒಂದು ಮಾತಿದೆ. ನಿಮ್ಮಲ್ಲಿ ಅನೇಕರ ಬದುಕಿನ ಮೊದಲ ಸಾಲ ಕಾರ್ಡಿನದಲ್ಲ, ಶಿಕ್ಷಣ ಸಾಲ. ಅದೂ ಹಂಚಿಕೊಂಡ ಖಾತೆಯೇ. ವಿದ್ಯಾರ್ಥಿ ಸಾಲಗಾರ, ತಂದೆ ಅಥವಾ ತಾಯಿ ಸಹಸಾಲಗಾರರು. ಇಲ್ಲಿ ಆಡ್-ಆನ್ ಕಾರ್ಡಿನಂತೆ ಒಂದು ಹೆಸರಲ್ಲ, ಎರಡು ಹೆಸರು. ಕಂತು ಸರಿಯಾಗಿ ಕಟ್ಟಿದರೆ ಇಬ್ಬರಿಗೂ ಒಳ್ಳೆಯದು, ತಪ್ಪಿದರೆ ಇಬ್ಬರಿಗೂ ಪೆಟ್ಟು. ಅರ್ಧ ಅರ್ಧ ಹಂಚಿಕೆ ಇಲ್ಲ. ಪೂರ್ತಿ ಬಾಕಿ ಇಬ್ಬರ ವರದಿಯಲ್ಲೂ ಕಾಣುತ್ತದೆ. ಜಾಮೀನು ಹಾಕಿದವರ ಕಥೆಯೂ ಇಷ್ಟೇ. ಸ್ನೇಹಕ್ಕಾಗಿ ಹಾಕಿದ ಒಂದು ಸಹಿ ವರ್ಷಗಳ ನಂತರ ಅವರ ಸಾಲದ ದಾರಿಗೆ ಅಡ್ಡ ನಿಲ್ಲಬಹುದು. ಓದು ಮುಗಿದು ಕೆಲಸಕ್ಕೆ ಬೆಂಗಳೂರಿಗೆ ಹೋದವರು ವಿಳಾಸ, ಫೋನ್ ನಂಬರು ಬದಲಿಸಿ ಬ್ಯಾಂಕಿಗೆ ತಿಳಿಸುವುದಿಲ್ಲ. ಕಂತು ಶುರುವಾದದ್ದು ತಿಳಿಯುವುದೇ ಇಲ್ಲ. ಊರಿನಲ್ಲಿ ಅಪ್ಪನಿಗೆ ನೋಟೀಸು ಬಂದಾಗಲೇ ಎಚ್ಚರ.

ಹಾಗೆಂದು ಹಂಚಿಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ಒಬ್ಬರಿಗೊಬ್ಬರು ನಿಲ್ಲದೆ ಸಂಸಾರ ನಡೆಯುವುದಿಲ್ಲ. ಆದರೆ ಎಚ್ಚರ ಬೇಕು. ಆಡ್-ಆನ್ ಕಾರ್ಡಿಗೆ ಬೇರೆಯಾಗಿ ಒಂದು ಸಣ್ಣ ಮಿತಿ ಇಡಲು ಅನೇಕ ಬ್ಯಾಂಕುಗಳಲ್ಲಿ ಅವಕಾಶವಿದೆ, ಕೇಳಿ ಇಡಿಸಿಕೊಳ್ಳಿ. ಖರ್ಚು ಮಾಡಿದ ದಿನವೇ ಮನೆಗೆ ತಿಳಿಸಿ. ಬೇಡವಾದ ಮೇಲೆ ಕಾರ್ಡನ್ನು ಬೀರುವಿನಲ್ಲಿ ಇಟ್ಟರೆ ಸಾಲದು, ಬರಹದಲ್ಲಿ ಕೇಳಿ ರದ್ದು ಮಾಡಿಸಬೇಕು. ಸಂಬಳ ಬರಲು ಶುರುವಾದ ಮೇಲೆ ನಿಮ್ಮದೇ ಹೆಸರಿನಲ್ಲಿ ಚಿಕ್ಕ ಮಿತಿಯ ಕಾರ್ಡು ಪಡೆದು ತಿಂಗಳು ತಿಂಗಳು ಪೂರ್ತಿ ಕಟ್ಟಿ. ನಿಮ್ಮ ಚರಿತ್ರೆ ಬೆಳೆಯುವುದು ಅದರಿಂದ.

ವರದಿಯನ್ನು ನೋಡುವ ಹಕ್ಕೂ ನಿಮ್ಮದು. ಪ್ರತಿಯೊಂದು ಸಾಲ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ತಪ್ಪಿದ್ದರೆ ದೂರು ಕೊಡಿ. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಈ ರಜೆಯಲ್ಲಿ ಮನೆಗೆ ಹೋದಾಗ ತಂದೆ ತಾಯಿಯ ಜೊತೆ ಕುಳಿತು ಅವರ ವರದಿಯನ್ನೊಮ್ಮೆ ತೆಗೆದು ಓದಿ. ಕಾರ್ಡಿನ ಯಂತ್ರಗಳು ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಾಲದ ಭಯ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಎರಡೂ ಸೇರಿದರೆ ಒಳ್ಳೆಯದಾಗುತ್ತದೆ.

ಕಾರ್ಡು ಉಜ್ಜುವ ಮೊದಲು, ಕಾಗದಕ್ಕೆ ಸಹಿ ಹಾಕುವ ಮೊದಲು, ಅಂಗಡಿಯ ಆ ಹಳೆಯ ಪುಸ್ತಕವನ್ನು ನೆನೆಸಿಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಯಾರ ಹೆಸರಿನ ಲೆಕ್ಕ?