ಹಾವಿನ ಗೂಡು, ಆಟಿಕೆಯ ಇಟ್ಟಿಗೆ

ಮನೆಯಲ್ಲಿ ಸಾಕುವ ಹಾವಿಗೆ ಮೊದಲು ಬೇಕಾದದ್ದು ಅಡಗಿಕೊಳ್ಳಲು ಒಂದು ಮರೆ. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್, ಇವೆರಡೂ ಪಾಶ್ಚಾತ್ಯ ದೇಶಗಳಲ್ಲಿ ಬಹಳವಾಗಿ ಸಾಕಲಾಗುವ ವಿಷವಿಲ್ಲದ ಹಾವುಗಳು. ಇಂಥವು ಕಾಡಿನಲ್ಲಿ ಬಿಲ, ಪೊಟರೆ, ತರಗೆಲೆಗಳ ಮರೆಯಲ್ಲಿ ಇರುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಅಂಥ ಮರೆ ಸಿಗದ ಹಾವು ಬೆದರಿ ಆಹಾರವನ್ನೇ ಬಿಟ್ಟುಬಿಡಬಹುದು. ಮೈಯ ಬಿಸಿಗೆ ಹೊರಗಿನ ಶಾಖವನ್ನೇ ನೆಚ್ಚಿಕೊಂಡ ಪ್ರಾಣಿಯಾದ್ದರಿಂದ ಪೆಟ್ಟಿಗೆಯ ಬೆಚ್ಚನೆಯ ಬದಿಗೊಂದು, ತಂಪಿನ ಬದಿಗೊಂದು ಗೂಡು ಇಡುವುದು ವಾಡಿಕೆ. ಸುರುಳಿ ಸುತ್ತಿ ಮಲಗಿದ ಹಾವಿನ ಮೈ ಗೋಡೆಗಳಿಗೆ ತಾಗುವಷ್ಟು ಗೂಡು ಚಿಕ್ಕದಿರಬೇಕು. ಹಾವು ಬೆಳೆದಂತೆ ಗೂಡೂ ಬೆಳೆಯಬೇಕು.

ಈ ಕೆಲಸಕ್ಕೆ ಕೆಲವರು ಮಕ್ಕಳ ಲೆಗೋ ಇಟ್ಟಿಗೆಗಳನ್ನು ಬಳಸುತ್ತಾರೆ. ಲೆಗೋ ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ 1932ರಲ್ಲಿ ಶುರುವಾದ ಆಟಿಕೆ ಸಂಸ್ಥೆ. ಮೇಲೆ ಗುಬಟುಗಳು, ಒಳಗೆ ಕೊಳವೆಗಳು ಇರುವ ಇಂದಿನ ಇಟ್ಟಿಗೆಯ ವಿನ್ಯಾಸಕ್ಕೆ ಅದು ಪೇಟೆಂಟ್ ಕೋರಿದ್ದು 1958ರ ಜನವರಿ 28ರಂದು. 1963ರಿಂದ ಈ ಇಟ್ಟಿಗೆಗಳನ್ನು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಲಾಗುತ್ತಿದೆ. ಈ ಪ್ಲಾಸ್ಟಿಕ್ ಮರದಂತೆ ತೇವ ಹೀರುವುದಿಲ್ಲ, ಕೊಳೆಯುವುದಿಲ್ಲ. ಹಾವು ಉದ್ದವಾದರೆ ಇನ್ನೆರಡು ಸಾಲು ಸೇರಿಸಿ ಗೂಡನ್ನು ಹಿಗ್ಗಿಸಬಹುದು.

ತೊಡಕಿರುವುದು ಸಂದುಗಳಲ್ಲಿ. ಇಟ್ಟಿಗೆಗಳನ್ನು ಬಿಗಿಯಾಗಿ ಹಿಡಿಯುವ ಕೊಳವೆ, ಗುಬಟುಗಳ ನಡುವೆಯೇ ಕೊಳೆ ಸೇರುತ್ತದೆ. ಹೊಸದಾಗಿ ಕಟ್ಟುವಾಗ ಆಟದ ದೂಳು, ಕೈಯ ಜಿಡ್ಡು. ಹಾವು ವಾಸ ಮಾಡಿದ ಮೇಲೆ ಮಲ, ಸುಣ್ಣದಂತೆ ಬೆಳ್ಳಗಿರುವ ಯೂರಿಕ್ ಆಮ್ಲ, ಪೊರೆಯ ಚೂರು, ಒದ್ದೆ ಮಣ್ಣು. ಆರೋಗ್ಯವಾಗಿ ಕಾಣುವ ಹಾವಿನ ಕರುಳಿನಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದರಿಂದ ಹಾವಿಗೆ ತೊಂದರೆಯಾಗದಿದ್ದರೂ ಮನುಷ್ಯರಿಗೆ ಭೇದಿ, ಜ್ವರ ಬರುತ್ತವೆ. ಐದು ವರ್ಷದೊಳಗಿನ ಮಕ್ಕಳು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅಪಾಯ ಹೆಚ್ಚು. ಇದೇ ಸೋಂಕಿನ ಕಾರಣಕ್ಕೆ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಆದ್ದರಿಂದ ಶುಚಿಮಾಡುವ ಕೆಲಸ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸುವುದರಿಂದ ಆರಂಭವಾಗುತ್ತದೆ. ಜೋಡಿಸಿದ ಗೋಡೆಯನ್ನು ಹಾಗೆಯೇ ಅದ್ದಿದರೆ ನೀರು ಸಂದಿಗೆ ಇಳಿಯುತ್ತದೆಯೇ ಹೊರತು ಕೊಳೆ ಹೊರಬರುವುದಿಲ್ಲ. ಬ್ಯಾಟರಿ, ಮೋಟಾರು ಇರುವ ತುಂಡುಗಳು, ಅಂಟು ಚೀಟಿ ಹಚ್ಚಿದವು, ಒಡೆದು ಚೂಪಾದವು ಗೂಡಿಗೆ ಬೇಡ. ಕೆಲವು ದಶಕಗಳ ಹಿಂದಿನ ಪ್ಲಾಸ್ಟಿಕ್ ಆಟಿಕೆಗಳ ಬಣ್ಣದಲ್ಲಿ ಕ್ಯಾಡ್ಮಿಯಂ, ಸೀಸ ಇರುವುದು ಕಂಡುಬಂದಿದೆ. ತೀರ ಹಳೆಯ ಇಟ್ಟಿಗೆಗಳನ್ನೂ ಬಿಡುವುದು ಲೇಸು.

ತೊಳೆಯಲು 40 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಸಾಕು. ಸ್ವಲ್ಪ ಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನ ಕೊಳವೆಗಳನ್ನು ಉಜ್ಜಬೇಕು. ಕುದಿನೀರು, ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ ಸಲ್ಲವು. ಆ ಬಿಸಿಗೆ, ಹೊಡೆತಕ್ಕೆ ಇಟ್ಟಿಗೆ ಸೊಟ್ಟಗಾದರೆ ಹಿಡಿತ ತಪ್ಪುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಈ ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಇಟ್ಟಿಗೆ ತೊಳೆಯಲೆಂದೇ ಬೇರೆ ಬಕೆಟ್ ಇರಲಿ. ಅಡುಗೆಮನೆಯ ತೊಟ್ಟಿಯಲ್ಲಿ ಈ ಕೆಲಸ ಕೂಡದು.

ಸೋಂಕು ನಿವಾರಣೆಯ ಸರದಿ ತೊಳೆದ ನಂತರ ಬರುತ್ತದೆ. ಮಲ ಅಂಟಿದ ಮೇಲ್ಮೈಯಲ್ಲಿ ಬ್ಲೀಚಿನ ಬಲ ಕುಂದುತ್ತದೆ, ಹಾಗಾಗಿ ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಹತ್ತು ಪಾಲು ತಣ್ಣೀರು ಬೆರೆಸಿ, ಇಟ್ಟಿಗೆಗಳನ್ನು ಹತ್ತು ನಿಮಿಷ ಮುಳುಗಿಸಿ, ವಾಸನೆ ಹೋಗುವವರೆಗೆ ಜಾಲಿಸಬೇಕು. ಬ್ಲೀಚಿಗೆ ವಿನಿಗರ್ ಆಗಲಿ, ಶೌಚಾಲಯ ತೊಳೆಯುವ ಆಮ್ಲವಾಗಲಿ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ನೆಲ ಒರೆಸುವ ಫಿನಾಯಿಲ್ ಮತ್ತು ಫೀನಾಲ್ ಬೆರೆತ ಸೋಂಕುನಾಶಕಗಳು ಸರೀಸೃಪಗಳಿಗೆ ವಿಷ; ಅವನ್ನು ಹತ್ತಿರಕ್ಕೂ ತರಬಾರದು.

ಬಳಿಕ ಪ್ರತಿ ಇಟ್ಟಿಗೆಯನ್ನೂ ಕೊಡವಿ, ನೀರು ಸೋರುವಂತೆ ಟೊಳ್ಳು ಭಾಗ ಕೆಳಗೆ ಮಾಡಿ ಬಟ್ಟೆಯ ಮೇಲೆ ಹರಡಿ, ನೆರಳಿನ ಗಾಳಿಯಲ್ಲಿ ಪೂರ್ತಿ ಒಣಗಿಸಬೇಕು. ಸಂದಿಯಲ್ಲಿ ಉಳಿದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಪೊರೆ ಬಿಡುವ ಕಾಲಕ್ಕೆ ಒದ್ದೆ ಪಾಚಿ ಹಾಕಿ ಮಾಡುವ ಗೂಡನ್ನು ಈ ಕಾರಣಕ್ಕೇ ಮತ್ತೂ ಬೇಗ ಬೇಗ ಬಿಡಿಸಿ ತೊಳೆಯಬೇಕಾಗುತ್ತದೆ.

ಕಟ್ಟುವಾಗ ಅಂಟು ಬೇಡ, ಅಂಟಿಸಿದ್ದನ್ನು ಬಿಡಿಸಿ ತೊಳೆಯಲಾಗದು. ಬಾಗಿಲು ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಅಗಲವಿರಲಿ. ಹಾವು ತಲೆ ತೂರಿಸಿ ಸಿಕ್ಕಿಕೊಳ್ಳುವಂಥ ಕಿಂಡಿ ಇರಬಾರದು. ಹಗುರವಾದ ಗೂಡನ್ನು ಹಾವು ಮಗುಚದಂತೆ ಬುಡ ಅಗಲವಾಗಿರಬೇಕು. ಗೂಡನ್ನು ಬಿಸಿ ದೀಪಕ್ಕೆ ತಾಗಿಸಿ ಇಡಬಾರದು. ಒಮ್ಮೆ ಹಾವಿನ ಪೆಟ್ಟಿಗೆ ಸೇರಿದ ಇಟ್ಟಿಗೆ ಮತ್ತೆ ಮಕ್ಕಳ ಆಟದ ಡಬ್ಬಿಗೆ ಮರಳಬಾರದು. ಪ್ರತಿ ಸಲವೂ ಕೊನೆಗೆ ಕೈಯನ್ನು ಸೋಪಿನಿಂದ ತೊಳೆಯಬೇಕು.

ಭಾರತದಲ್ಲಿ ಹಾವು ಸಾಕುವುದಕ್ಕೊಂದು ಕಾನೂನಿನ ಮಿತಿಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರ, ಕೇರೆ, ಹೆಬ್ಬಾವಿನಂಥ ನಾಡಿನ ಹಾವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಕಾಯ್ದೆಯ ಪಟ್ಟಿಯಲ್ಲಿರುವ ವಿದೇಶಿ ತಳಿಗಳಿಗೆ ನೋಂದಣಿ ಕಡ್ಡಾಯ.

ಆಟಿಕೆಯ ಇಟ್ಟಿಗೆಯ ಗುಣವೂ ದೋಷವೂ ಅದರ ಜೋಡಣೆಯಲ್ಲೇ ಇದೆ. ಪ್ರತಿ ಸಲವೂ ಬಿಡಿಸಿ ತೊಳೆದು ಒಣಗಿಸುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ಸಾಮಗ್ರಿ. ಅಷ್ಟು ಪುರುಸೊತ್ತು ಇಲ್ಲದವರಿಗೆ, ಅಂಚು ನಯಮಾಡಿ ಬಾಗಿಲು ಕತ್ತರಿಸಿದ ಒಂದು ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಹಾವಿಗೆ ಬೇಕಾದದ್ದು ಚೊಕ್ಕಟವಾದ ಮರೆಯೇ ಹೊರತು ಚೆಂದದ ಮನೆಯಲ್ಲ.