ಆರು ವರ್ಷ ತಡವಾಗಿ ಕಾಲೇಜಿಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ವಾಣಿಜ್ಯಶಾಸ್ತ್ರ ಉಪನ್ಯಾಸಕರು’ ಎಂದು ಹಾಕಿದ್ದಾರೆ. ಅದು ಸರಿಯೇ. ಆದರೆ ಈ ಊರಿನ ಅರ್ಧ ಜನಕ್ಕೆ ನಾನು ಇವತ್ತಿಗೂ ‘ಮಂಡಿ ರೈಟರ್’. ಬೆಳಿಗ್ಗೆ ಗೇಟಿನ ಹತ್ತಿರ ಹಿರಿಯರೊಬ್ಬರು ಕೈ ಹಿಡಿದುಕೊಂಡು, “ಈಗ ರಾಶಿ ಎಷ್ಟಕ್ಕೆ ಹೋಗ್ತಿದೆ ಮಾರಾಯ?” ಎಂದು ಕೇಳಿದರು. ಮಂಡಿ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ರೇಟು ಗೊತ್ತಿತ್ತು, ಹೇಳಿದೆ.

ನಾನು ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1985ರಲ್ಲಿ. 1987ರಲ್ಲಿ ಶಿವಮೊಗ್ಗದಲ್ಲಿ ಕಾಮರ್ಸ್ ತೆಗೆದುಕೊಂಡು ಪಿಯುಸಿ ಪಾಸಾದೆ. ಅದೇ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಉಳಿದದ್ದು ಅವ್ವ, ನಾನು, ತಂಗಿ, ಒಂದೂವರೆ ಎಕರೆ ಗದ್ದೆ, ಸೊಸೈಟಿಯ ಸಾಲ. ಬಿ.ಕಾಂ. ಅರ್ಜಿ ತಂದಿಟ್ಟಿದ್ದೆ, ತುಂಬಲಿಲ್ಲ. ಪರಿಚಯದವರೊಬ್ಬರು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿಸಿದರು. “ಒಂದು ವರ್ಷ ಮಾಡು, ಆಮೇಲೆ ಓದುವೆಯಂತೆ” ಎಂದಳು ಅವ್ವ. ಆ ಒಂದು ವರ್ಷ ಆರು ವರ್ಷವಾಯಿತು.

ಕೆಲಸ ಕೆಟ್ಟದ್ದಾಗಿರಲಿಲ್ಲ. ಸಾಹುಕಾರರು ಒಳ್ಳೆಯವರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ನೋಡಿದ ಕೂಡಲೇ ಹೇಳುವುದನ್ನು ಅಲ್ಲಿ ಕಲಿತೆ. ರೈತರ ಪಟ್ಟಿ ಬರೆಯುತ್ತಿದ್ದೆ: ಚೀಲ ಎಷ್ಟು, ತೂಕ ಎಷ್ಟು, ರೇಟು ಎಷ್ಟು, ಅದರಲ್ಲಿ ಹಮಾಲಿ, ಕಮಿಷನ್, ಮುಂಗಡ ಕಳೆದು ಕೈಗೆ ಬರುವುದು ಎಷ್ಟು. ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಕಂಡರೆ ಮಾತ್ರ ಕಂಬದ ಹಿಂದೆ ನಿಂತುಬಿಡುತ್ತಿದ್ದೆ. ಅವರು ಬೈಯುವವರಲ್ಲ. “ಈಗ ಏನು ಓದ್ತಿದ್ದೀಯ?” ಎಂದು ಕೇಳುತ್ತಿದ್ದರು, ಅಷ್ಟೇ.

ಮತ್ತೆ ಓದಬೇಕು ಎನ್ನಿಸಿದ್ದು ಯಾವ ದೊಡ್ಡ ಆದರ್ಶದಿಂದಲೂ ಅಲ್ಲ. ವರ್ಷಕ್ಕೊಮ್ಮೆ ಆಡಿಟರ್ ಕಡೆಯಿಂದ ಲೆಕ್ಕ ನೋಡಲು ಹುಡುಗನೊಬ್ಬ ಬರುತ್ತಿದ್ದ, ನನಗಿಂತ ಎರಡು ವರ್ಷ ಚಿಕ್ಕವನು. ಅವನು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ, ನಾನು ಪುಸ್ತಕ ಹಿಡಿದು ನಿಂತು ಉತ್ತರ ಹೇಳುತ್ತಿದ್ದೆ. ಎಲ್ಲ ಉತ್ತರವೂ ನನಗೆ ಗೊತ್ತಿರುತ್ತಿತ್ತು. ಹೊಟ್ಟೆಕಿಚ್ಚು ಎಂದರೂ ಸರಿ, ಒಪ್ಪಿಕೊಳ್ಳುತ್ತೇನೆ.

1993ರಲ್ಲಿ, 24ನೇ ವಯಸ್ಸಿನಲ್ಲಿ, ಅರ್ಜಿ ಹಾಕಿದೆ. ಕಾಲೇಜಿನಲ್ಲಿ, ನಡುವೆ ಆರು ವರ್ಷ ಏನು ಮಾಡುತ್ತಿದ್ದಿರಿ ಎಂದು ಛಾಪಾ ಕಾಗದದ ಮೇಲೆ ಬರೆಸಿ ತನ್ನಿ ಎಂದರು. ಕೋರ್ಟಿನ ಎದುರು ಟೈಪ್ ಮಾಡುವವರು ನನ್ನನ್ನು ಏನೂ ಕೇಳದೆ ‘ಕೌಟುಂಬಿಕ ಕಾರಣಗಳಿಂದ’ ಎಂದು ಹೊಡೆದು ಕೊಟ್ಟರು. ಜೊತೆಗೆ ವ್ಯಾಸಂಗ ಪ್ರಮಾಣಪತ್ರ ಬೇಕಿತ್ತು. ಅದಕ್ಕಾಗಿ ಎಂಟು ವರ್ಷದ ಮೇಲೆ ಈ ಶಾಲೆಯ ಮೆಟ್ಟಿಲು ಹತ್ತಿದೆ.

ಆಗಿನ ಗುಮಾಸ್ತರು ಕಬ್ಬಿಣದ ಬೀರು ತೆಗೆದು ರಿಜಿಸ್ಟರ್ ಹುಡುಕುತ್ತಿದ್ದವರು, ಒಂದು ಕಟ್ಟು ಹೊರಗೆ ತೆಗೆದು, “ನಿನ್ನ ತಂಗೀದು ಇನ್ನೂ ಇಲ್ಲೇ ಇದೆಯಲ್ಲೋ, ಸಹಿ ಹಾಕಿ ತಗೊಂಡು ಹೋಗು” ಎಂದರು. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವಳು ಪಾಸಾಗಿದ್ದು 1988ರಲ್ಲಿ, ಅಪ್ಪ ಹೋದ ಮರುವರ್ಷ. ಮುಂದೆ ಓದಿಸುವ ಮಾತೇ ಇರಲಿಲ್ಲವಾದ್ದರಿಂದ ಯಾರೂ ಬಂದು ತೆಗೆದುಕೊಂಡಿರಲಿಲ್ಲ. ಬಸ್ಸಿಗೆ ಕಾಯುತ್ತಾ ನೋಡಿದೆ. ನನಗಿಂತ ಹೆಚ್ಚು ಅಂಕ.

ಮನೆಗೆ ತಂದು ಕೊಟ್ಟೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಒಂದು ಸಲ ಓದಿ, “ಇದನ್ನಿಟ್ಕೊಂಡು ಏನ್ಮಾಡ್ಲಣ್ಣ?” ಎಂದು ಟ್ರಂಕಿನ ತಳದಲ್ಲಿಟ್ಟಳು. ಆಮೇಲೆ ನನ್ನ ಕಾಲೇಜಿನ ಫೀಸು ಎಷ್ಟು ಎಂದು ಕೇಳಿದಳು.

ಕಾಲೇಜಿನ ವಿಷಯ. ತರಗತಿಯಲ್ಲಿದ್ದವರಿಗೆಲ್ಲ 18 ವರ್ಷ. ಎರಡನೇ ವಾರದ ಹೊತ್ತಿಗೆ ಎಲ್ಲರೂ ‘ಅಣ್ಣ’ ಎನ್ನತೊಡಗಿದರು, ಪ್ರಿನ್ಸಿಪಾಲರ ಹತ್ತಿರ ಏನಾದರೂ ಕೇಳಬೇಕಾದರೆ ನನ್ನನ್ನೇ ಮುಂದೆ ಬಿಡುತ್ತಿದ್ದರು. ಪಿಯುಸಿಯ ಪಾಠ ಪೂರ್ತಿ ಮರೆತುಹೋಗಿತ್ತು. ಹೋಗಲಿ, ಲೆಕ್ಕಶಾಸ್ತ್ರದಲ್ಲಾದರೂ ನನಗೆ ಯಾರೂ ಸಮ ಇರಲಾರರು ಎಂದುಕೊಂಡಿದ್ದೆ. ನಾನು ಮೊದಲು ಮುಗ್ಗರಿಸಿದ್ದೇ ಅಲ್ಲಿ.

ಮಂಡಿಯ ರೋಕಡ್ ಪುಸ್ತಕದಲ್ಲಿ ಎಡಗಡೆ ಜಮೆ, ಬಲಗಡೆ ಖರ್ಚು. ಹಣ ಬಂದರೆ ಎಡಗಡೆ ಬರೆಯಬೇಕು. ಆರು ವರ್ಷ ಅದನ್ನೇ ಬರೆದ ಕೈ ನನ್ನದು. ಕ್ಲಾಸಿನಲ್ಲಿ ಮೇಷ್ಟ್ರು, ಹಣ ಬಂದರೆ ನಗದು ಖಾತೆಯ ಎಡಗಡೆ ಬರೆಯಿರಿ, ಅದು ಡೆಬಿಟ್ ಎಂದರು. ಡೆಬಿಟ್ ಎಂದರೆ ಖರ್ಚಲ್ಲವೇ? ಬಂದ ಹಣ ಖರ್ಚು ಹೇಗಾಗುತ್ತದೆ? ಏನೂ ಗೊತ್ತಿಲ್ಲದ ಮಕ್ಕಳು ಒಂದು ಗಂಟೆಯಲ್ಲಿ ಕಲಿತದ್ದು ನನಗೆ ಒಂದು ತಿಂಗಳಾದರೂ ಹತ್ತಲಿಲ್ಲ. ಮೊದಲ ಟೆಸ್ಟಿನಲ್ಲಿ ಎಲ್ಲ ನಮೂದೂ ತಿರುಗಾಮುರುಗಾ.

ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಿಡಿಸಿ ಹೇಳಿದಳು. “ಅಣ್ಣ, ನಿಮ್ಮ ಪುಸ್ತಕದಲ್ಲಿ ಜಮೆ ಅಂತ ಬರೆಯೋದು ಹಣ ಕೊಟ್ಟವನ ಹೆಸರಿಗೆ. ಇಲ್ಲಿ ಹಣವೂ ಒಬ್ಬ ಆಸಾಮಿ ಅಂತ ತಿಳ್ಕೊಳ್ಳಿ. ಕೊಟ್ಟವನಿಗೆ ಜಮೆ, ತಗೊಂಡವನಿಗೆ ಖರ್ಚು. ಇಲ್ಲಿ ತಗೊಂಡವನು ನಗದು ಖಾತೆ.” ಎರಡೂ ಒಂದೇ ಲೆಕ್ಕ, ನೋಡುವ ಕಡೆ ಬೇರೆ. ಈಗ ನಾನು ಪಾಠ ಮಾಡುವಾಗ ಅಂಗಡಿ, ಮಂಡಿ ಮನೆಗಳಿಂದ ಬಂದ ಮಕ್ಕಳು ಯಾರು ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಅವರು ದಡ್ಡರಲ್ಲ, ಬೇರೆ ಕಡೆಯಿಂದ ಕಲಿತವರು.

ಮುಂದೆ ಕನ್‌ಸೈನ್‌ಮೆಂಟ್ ಲೆಕ್ಕ ಬಂದಾಗ ಮಾತ್ರ ನನ್ನ ದಿನ ಬಂತು. ಒಬ್ಬರ ಮಾಲನ್ನು ಇನ್ನೊಬ್ಬರು ಮಾರಿಸಿಕೊಟ್ಟು, ತನ್ನ ಖರ್ಚು, ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮಾಲಿನ ಒಡೆಯನಿಗೆ ಒಪ್ಪಿಸುವ ಲೆಕ್ಕ ಅದು. ಪುಸ್ತಕದಲ್ಲಿ ‘ಅಕೌಂಟ್ ಸೇಲ್ಸ್’ ಎಂದಿತ್ತು. ನಾನು ಆರು ವರ್ಷ ಬರೆದ ಪಟ್ಟಿಯೇ! ಮರುದಿನ ಮಂಡಿಯ ಹಳೆಯ ಪಟ್ಟಿಯೊಂದನ್ನು ತಂದು ತೋರಿಸಿದೆ. ಮೇಷ್ಟ್ರು ಅದನ್ನು ಕರಿಹಲಗೆಯ ಮೇಲೆ ಬರೆದು ಆ ಪಾಠ ಮುಗಿಸಿದರು.

ಮಂಡಿಯನ್ನು ಪೂರ್ತಿ ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ಬರಲು ಸಾಹುಕಾರರು ಒಪ್ಪಿದರು, ಅರ್ಧ ಸಂಬಳಕ್ಕೆ. ದೀಪಾವಳಿ ಕಳೆದು ಮಾಲು ಬರತೊಡಗಿದರೆ ಬೆಳಿಗ್ಗೆಯೂ ಕರೆ ಬರುತ್ತಿತ್ತು. ಶೇಕಡ 75 ಹಾಜರಿ ಕಡ್ಡಾಯ. ಯಾವ ದಿನ ಎಲ್ಲಿ ತಪ್ಪಿಸಬಹುದು ಎಂಬ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಆದರೂ ಮನೆಗೆ ಸಂಬಳ ಅರ್ಧ ಕಡಿಮೆಯಾಯಿತಲ್ಲ, ಅದನ್ನು ತುಂಬಿದ್ದು ತಂಗಿಯ ಹೊಲಿಗೆ. ಬಂದ ಎರಡು ಸಂಬಂಧಗಳನ್ನು ‘ಮುಂದಿನ ವರ್ಷ ನೋಡೋಣ’ ಎಂದು ಕಳಿಸಿದ್ದೂ ಅದಕ್ಕೇ. ಆಗ ನನಗೆ ಇದು ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ಪರೀಕ್ಷೆ ಮುಗಿಯಲಿ ಎಂದುಕೊಳ್ಳುತ್ತಿದ್ದೆ.

1996ರಲ್ಲಿ ಬಿ.ಕಾಂ. ಆಯಿತು. ಅವಳ ಮದುವೆಯೂ ಆ ವರ್ಷವೇ ಆಯಿತು. ನಂತರ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಕಾಂ., ಆಮೇಲೆ ಕೆಲಸ. ಅದನ್ನೆಲ್ಲ ನೀವು ಬಲ್ಲಿರಿ. ಗಣಿತದ ಮೇಷ್ಟ್ರಿಗೆ ಬಿ.ಕಾಂ. ಫಲಿತಾಂಶ ಹೇಳಲು ಅವರ ಮನೆಗೇ ಹೋದೆ. “ಕಂಬದ ಹಿಂದೆ ನಿಲ್ತಿದ್ದವನು ನೀನೇ ಅಲ್ವಾ?” ಎಂದರು.

ಇಂಥ ವೇದಿಕೆಗಳಲ್ಲಿ ನನ್ನನ್ನು ‘ಛಲ ಬಿಡದೆ ಓದಿದವರು’ ಎಂದು ಪರಿಚಯಿಸುತ್ತಾರೆ. ಇವತ್ತೂ ಪರಿಚಯಿಸಿದರು. ಆರು ವರ್ಷ ತಡವಾದವನಿಗೆ ಶಾಲು, ಹಾರ. ಹೆಚ್ಚು ಅಂಕ ತೆಗೆದವಳು ಕೆಳಗೆ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ನಿನ್ನ ವಿಷಯ ಹೇಳಬಹುದೇ ಎಂದು ನಿನ್ನೆ ಫೋನಿನಲ್ಲಿ ಕೇಳಿದೆ. “ಹೇಳು, ಆದ್ರೆ ಅಂಕ ಎಷ್ಟು ಅಂತ ಹೇಳಬೇಡ, ನಿನಗೇ ಮರ್ಯಾದೆ ಹೋಗುತ್ತೆ” ಎಂದಳು. ಹತ್ತು ವರ್ಷದ ಹಿಂದೆ ಅವಳಿಗೆ, ಪಿಯುಸಿಯನ್ನು ಖಾಸಗಿಯಾಗಿ ಕಟ್ಟಬಹುದು, ಆಮೇಲೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ ಎಂದು ಹೇಳಿದ್ದೆ. “ಈಗ ಹೇಳ್ತೀಯಾ?” ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕೊನೆಯದಾಗಿ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ನಿನ್ನೆ ಆಫೀಸಿನಲ್ಲಿ ಆ ಕಬ್ಬಿಣದ ಬೀರು ಈಗಲೂ ಇರುವುದನ್ನು ನೋಡಿದೆ. ಯಾರೂ ಬಂದು ತೆಗೆದುಕೊಳ್ಳದ ಅಂಕಪಟ್ಟಿಗಳ ಕಟ್ಟುಗಳೂ ಇವೆ. ಮೇಲಿನ ಒಂದು ಕಟ್ಟನ್ನು ಬಿಚ್ಚಿ ನೋಡಿದೆವು, ಹೆಚ್ಚಿನವು ಹೆಣ್ಣುಮಕ್ಕಳವು. ನೀವು ರಿಜಿಸ್ಟರ್ ನೋಡಿ ಹೆಸರು, ಊರು ಬರೆಸಿಕೊಡಿ. ಮದುವೆಯಾಗಿ ಹೋದವರ ಊರು ಗೊತ್ತಿರುವವರು ಈ ಸಭೆಯಲ್ಲೇ ಇದ್ದಾರೆ, ಸಂಜೆ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಹೇಳಿ. ಭಾನುವಾರ ನನಗೆ ರಜೆ, ಸ್ಕೂಟರ್ ಇದೆ. ಸಹಿ ಪುಸ್ತಕ ಹಿಡಿದು ನಾನೇ ಮನೆಮನೆಗೆ ಹೋಗಿ ಕೊಟ್ಟು ಬರುತ್ತೇನೆ.